ನಂಬರ್ ಇಲ್ಲದ ಕೇಸು

"ಕೇಸ್ ನಂಬರ್ ಎಷ್ಟಮ್ಮ?"

"ನಂಬರ್ ಇನ್ನೂ ಆಗಿಲ್ಲ ಲಾಯರಮ್ಮ. ಸಾಹೇಬ್ರು ನೋಟಿಸ್ ಕಳಿಸ್ತೀನಿ ಅಂದಿದ್ರು."

"ಹಾಗಾದ್ರೆ ಕೋರ್ಟ್ ಡೇಟ್ ಏನೂ ಇಲ್ಲ. ಗಾಬರಿ ಬೇಡ. ಮುಂದಿನ ವಾರ ಕಳೆದು ಬನ್ನಿ."

2022ರ ಏಪ್ರಿಲ್ 21, ಗುರುವಾರ. ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತಿದ್ದೆ. ಒಂದು ಕಣ್ಣು ಬೋರ್ಡ್ ಮೇಲೆ, ಒಂದು ಕಿವಿ ಫೋನಿಗೆ. ಮಾತು ಒಂದು ನಿಮಿಷವೂ ನಡೆಯಲಿಲ್ಲ. ಆ ಹೆಂಗಸಿನ ಕೆಲಸ ನನ್ನ ಕೈತಪ್ಪಿದ್ದು ಅಲ್ಲೇ. ನನಗೆ ಗೊತ್ತಾಗಿದ್ದು ಹನ್ನೊಂದು ದಿನ ಬಿಟ್ಟು.

ಅದಕ್ಕೂ ಎರಡು ವಾರ ಹಿಂದೆ ನನ್ನ ಸೀನಿಯರ್‌ಗೆ ಸ್ಟ್ರೋಕ್ ಆಗಿತ್ತು. ಜೀವ ಉಳಿಯಿತು. ಮಾತು ಹೋಯಿತು, ಬಲಗೈ ಹೋಯಿತು. ಮೂವತ್ತು ವರ್ಷ ಒಬ್ಬರೇ ನಡೆಸಿದ ಆಫೀಸು. ನಾನು ಆರು ವರ್ಷದ ಜೂನಿಯರ್, ಜೊತೆಗೆ ಒಬ್ಬರು ಹಳೇ ಗುಮಾಸ್ತರು. ಸೀನಿಯರ್ ಮನೆಯವರು ಕರೆದು, "ಇನ್ನು ಇವರಿಗೆ ಆಗೋದಿಲ್ಲ. ಪಾರ್ಟಿಗಳಿಗೆಲ್ಲ ಅವರವರ ಫೈಲ್ ತಲುಪಿಸಿ ಆಫೀಸ್ ಮುಚ್ಚಿಬಿಡಮ್ಮ" ಅಂದರು. ನಾನು ಒಪ್ಪಿಕೊಂಡೆ.

ಸೀನಿಯರ್ ತೀರಿಕೊಂಡಿದ್ದರೆ ಕಾನೂನು ಸರಳ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ ಆರ್ಡರ್ 3 ರೂಲ್ 4ರ ಪ್ರಕಾರ ವಕೀಲರ ಸಾವಿನ ಜೊತೆ ವಕಾಲತ್ತೂ ಮುಗಿಯುತ್ತೆ. ಪಾರ್ಟಿ ಹೊಸ ವಕೀಲರನ್ನು ಹಿಡಿಯಬಹುದು. ಬದುಕಿದ್ದೂ ಸಹಿ ಹಾಕೋಕೆ ಆಗದಿದ್ದರೆ? ವಕಾಲತ್ತು ಹಾಗೇ ಇರುತ್ತೆ, ಹೊಸ ವಕೀಲರಿಗೆ ಎನ್‌ಓಸಿ, ಅಂದರೆ ಒಪ್ಪಿಗೆ ಪತ್ರ ಕೊಡುವವರು ಇಲ್ಲ. ಬಾರ್ ಕೌನ್ಸಿಲ್ ನಿಯಮ 39ರಲ್ಲಿ ಒಂದು ದಾರಿ ಇದೆ. ಒಪ್ಪಿಗೆ ಯಾಕೆ ತರಲಾಗಲಿಲ್ಲ ಅಂತ ಕೋರ್ಟಿಗೆ ಅರ್ಜಿ ಕೊಡಬೇಕು, ಅನುಮತಿ ಸಿಕ್ಕಮೇಲೆ ಹೊಸಬರು ಹಾಜರಾಗಬಹುದು. ಒಂದು ಕೋರ್ಟಿನಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಸಾಕಾಯಿತು. ಪಕ್ಕದ ಹಾಲಿನಲ್ಲಿ ಡಾಕ್ಟರ್ ಸರ್ಟಿಫಿಕೇಟಿನ ಒರಿಜಿನಲ್ಲೇ ಬೇಕು ಅಂದರು. ಒಂದೊಂದು ಕೇಸಿಗೂ ಒಂದೊಂದು ಮಧ್ಯಂತರ ಅರ್ಜಿ (ಐಎ), ಒಂದೊಂದು ಅಫಿಡವಿಟ್. ನಾನು ದಿನವಿಡೀ ಅದನ್ನೇ ಟೈಪ್ ಮಾಡಿಸುತ್ತಿದ್ದೆ.

ಮೊದಲು ಮಾಡಿದ ಕೆಲಸ ಪಟ್ಟಿ. ಇ-ಕೋರ್ಟ್ಸ್ ಆಪ್‌ನಲ್ಲಿ ಸೀನಿಯರ್ ಬಾರ್ ರಿಜಿಸ್ಟ್ರೇಷನ್ ನಂಬರ್ ಹಾಕಿದೆ. 171 ಕೇಸು ಬಂತು. ಹೆಸರು ಹಾಕಿ ಹುಡುಕಿದರೆ ಬೇರೆ ಲೆಕ್ಕ, ಯಾಕೆಂದರೆ ಅವರ ಹೆಸರನ್ನು ನಾಲ್ಕು ತರ ಬರೆದಿದ್ದರು. ಡೈರಿಯಲ್ಲಿ ಇನ್ನೂ ಜಾಸ್ತಿ. ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ಮ್ಯುಟೇಷನ್ ಅಪೀಲು, ತಹಶೀಲ್ದಾರರ ಮುಂದಿನ ತಕರಾರು, ಇವು ಯಾವುದೂ ಆ ಆಪ್‌ನಲ್ಲಿ ಸಿಗುವುದಿಲ್ಲ. ಬೀರುವಿನಿಂದ ಒಂದೊಂದೇ ಕಟ್ಟು ಬಿಚ್ಚಿ ತಾಳೆ ಹಾಕಿದೆವು. ಹತ್ತು ದಿನ ಹಿಡಿಯಿತು. ಕೊನೆಗೆ 203 ಸಾಲು ಆಯಿತು. ಕೇಸ್ ನಂಬರ್, ಮುಂದಿನ ತಾರೀಖು, ಹಂತ, ಪಾರ್ಟಿ ಫೋನು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ಇನ್ನು ಏನೂ ಕೈತಪ್ಪಲ್ಲ ಅಂತ ನಿಜವಾಗಿಯೂ ನಂಬಿದ್ದೆ.

ಪಟ್ಟಿಗೆ ಸೇರದ ಕಾಗದಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದೆ. ಬಿಡಿ ಪಹಣಿ, ಹಳೇ ರಸೀದಿ, ಯಾರದೋ ಆಧಾರ್ ಜೆರಾಕ್ಸು. ಮೇಲೆ 'ಆಮೇಲೆ' ಅಂತ ಬರೆದಿದ್ದೆ.

ಮೇ 2, ಸೋಮವಾರ ಬೆಳಿಗ್ಗೆ ಫೋನ್ ಮಾಡಿದ್ದ ಆ ಹೆಂಗಸು ಬಂದರು. ಮೂರು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ಹತ್ತಿರದ ನೆಂಟನಿಗೆ 3 ಲಕ್ಷ 40 ಸಾವಿರ ಕೈಸಾಲ ಕೊಟ್ಟಿದ್ದರು. ಅವನು ಕೊಟ್ಟ ಚೆಕ್ ಬೌನ್ಸ್ ಆಗಿತ್ತು. "ಸಾಹೇಬ್ರ ಕೈಯಲ್ಲೇ ಕೊಟ್ಟಿದ್ದೆ, ಹಳದಿ ಕವರು" ಅಂದರು.

ಹಳದಿ ಕವರ್ ಅಂದ ಕೂಡಲೇ ನೆನಪಾಯಿತು. ಅದನ್ನು ಮೇಜಿನ ಗಾಜಿನ ಕೆಳಗಿಂದ ತೆಗೆದವಳು ನಾನೇ. ಹೊರಗೆ ನಂಬರ್ ಇರಲಿಲ್ಲ ಅಂತ ಪೆಟ್ಟಿಗೆಗೆ ಹಾಕಿದವಳೂ ನಾನೇ.

ಪೆಟ್ಟಿಗೆಯ ತಳದಲ್ಲಿತ್ತು. ಒಳಗೆ ಚೆಕ್ಕು, ಅದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ ಬ್ಯಾಂಕ್ ಮೆಮೊ. 'ಫಂಡ್ಸ್ ಇನ್‌ಸಫಿಶಿಯೆಂಟ್'. ಚೆಕ್ಕಿನ ತಾರೀಖು ಜನವರಿ 3. ಮೆಮೊ ಆಕೆಯ ಕೈಸೇರಿದ್ದು ಮಾರ್ಚ್ 30. ಅಲ್ಲಿಂದ ಮೂವತ್ತು ದಿನದೊಳಗೆ ಸಾಲಗಾರನಿಗೆ ನೋಟಿಸ್ ಕಳಿಸದಿದ್ದರೆ ಚೆಕ್ ಬೌನ್ಸಿನ ಕ್ರಿಮಿನಲ್ ಕೇಸು ಹಾಕುವಂತಿಲ್ಲ. ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದೆ. ಮಾರ್ಚ್ 31 ಒಂದು, ಏಪ್ರಿಲ್ 1 ಎರಡು. ಮೂವತ್ತನೇ ದಿನ ಏಪ್ರಿಲ್ 29ಕ್ಕೆ ಬಂದು ನಿಂತಿತು. ಮತ್ತೆ ಎಣಿಸಿದೆ. ಮೂರನೇ ಸಲವೂ ಎಣಿಸಿದೆ. ಆಕೆ ಬೆಂಚಿನ ಮೇಲೆ ಕೂತು ನನ್ನ ಬೆರಳನ್ನೇ ನೋಡುತ್ತಿದ್ದರು.

ಆಮೇಲಿನ ಐದು ನಿಮಿಷ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೊಂದೇ ಬಾಗಿಲು ತಟ್ಟಿ ನೋಡಿದೆ. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಗಡುವುಗಳಿಗೆ ಕೊಟ್ಟ ವಿನಾಯಿತಿ? ಅದು ಚೆಕ್ ಬೌನ್ಸ್ ಕಾನೂನಿನ ಸೆಕ್ಷನ್ 138ರ ನೋಟಿಸಿಗೂ ಅನ್ವಯಿಸುತ್ತಿತ್ತು, ಆದರೆ ಫೆಬ್ರವರಿ 28ಕ್ಕೇ ಮುಗಿದಿತ್ತು. ಚೆಕ್ ಮತ್ತೆ ಬ್ಯಾಂಕಿಗೆ ಹಾಕುವುದು? ಸುಪ್ರೀಂ ಕೋರ್ಟಿನ ಎಂಎಸ್‌ಆರ್ ಲೆದರ್ಸ್ ತೀರ್ಪು ಬಂದಮೇಲೆ ಅದಕ್ಕೆ ಅಡ್ಡಿ ಇಲ್ಲ, ಆದರೆ ಚೆಕ್ಕಿನ ಮೂರು ತಿಂಗಳ ಅವಧಿ ಏಪ್ರಿಲ್ ಮೊದಲ ವಾರದಲ್ಲೇ ತೀರಿತ್ತು. ತಡ ಮನ್ನಾ? ಅದೇ ಕಾನೂನಿನ ಸೆಕ್ಷನ್ 142ರಲ್ಲಿ ಕೋರ್ಟಿಗೆ ಕಂಪ್ಲೇಂಟ್ ಹಾಕುವ ತಡಕ್ಕೆ ಮನ್ನಾ ಇದೆ. ನೋಟಿಸ್ ಕೊಡುವ ತಡಕ್ಕೆ ಇಲ್ಲ. ಬೇಸಿಗೆ ರಜೆಯಿಂದಲೂ ಪ್ರಯೋಜನವಿಲ್ಲ, ನೋಟಿಸ್ ಕೋರ್ಟಿನ ಕೆಲಸ ಅಲ್ವಲ್ಲ.

ಕವರ್ ಮಡಚುವಾಗ ಹಿಂಬದಿ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ '29/4 ಒಳಗೆ' ಅಂತ ಸೀನಿಯರ್ ಅಕ್ಷರ. ಗಾಜಿನ ಕೆಳಗೆ ಇಟ್ಟಿದ್ದು ದಿನಾ ಕಾಣಲಿ ಅಂತಲೇ. ಕಾಣುವ ಜಾಗದಿಂದ ತೆಗೆದು ಪೆಟ್ಟಿಗೆಯ ತಳಕ್ಕೆ ಹಾಕಿದ್ದು ನಾನು.

"ಏನಾಯ್ತಮ್ಮ?" ಅಂದರು ಆಕೆ.

ಸಾಹೇಬರಿಗೆ ಹುಷಾರಿಲ್ಲದೆ ಹೀಗಾಯಿತು ಅಂದುಬಿಡೋಣ ಅನ್ನಿಸಿತು. ಆಕೆ ನಂಬುತ್ತಿದ್ದರು. ಆದರೆ 21ನೇ ತಾರೀಖು ಆಕೆ ಫೋನ್ ಮಾಡಿದಾಗ ಇನ್ನೂ ಎಂಟು ದಿನ ಇತ್ತು. ನೋಟಿಸ್ ಟೈಪ್ ಮಾಡಿ ರಿಜಿಸ್ಟರ್ಡ್ ಪೋಸ್ಟ್‌ಗೆ ಹಾಕಲು ಒಂದು ಗಂಟೆ ಸಾಕಿತ್ತು. ಅದನ್ನೇ ಹೇಳಿದೆ. ಚೆಕ್ ಕೇಸು ಇನ್ನು ಹಾಕಲು ಬರಲ್ಲ, ತಪ್ಪು ನನ್ನದು ಅಂದೆ.

ಆಕೆ ಬೈಯಲಿಲ್ಲ. "ಗಾಬರಿ ಬೇಡ ಅಂದ್ರಲ್ಲ, ಅದಕ್ಕೇ ಸುಮ್ನಿದ್ದೆ" ಅಂದರು.

ಹಣ ಪೂರ್ತಿ ಮುಳುಗಲಿಲ್ಲ. ಬ್ಯಾಂಕ್ ಮೂಲಕ ಕೊಟ್ಟ ಸಾಲ, ಸಿವಿಲ್ ದಾವೆಗೆ ಮೂರು ವರ್ಷದ ಅವಧಿ ಇತ್ತು. ಆದರೆ ದಾವೆಗೆ ಸಾಲದ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು. ಜೈಲಿನ ಭಯ ಇಲ್ಲದ ಸಾಲಗಾರ ರಾಜಿಗೂ ಬರಲ್ಲ. ಹಾಲಿನ ದುಡ್ಡಲ್ಲಿ ಆಕೆ ಕೋರ್ಟ್ ಫೀ ಹೊಂದಿಸಿದರು. ನಾನು ಫೀಸು ತೆಗೆದುಕೊಳ್ಳಲಿಲ್ಲ. ಬೇರೆ ವಕೀಲರ ಹತ್ತಿರ ಹೋಗಬಹುದು ಅಂತಲೂ ಹೇಳಿದೆ, ಆಕೆ ಹೋಗಲಿಲ್ಲ.

ಆ ಮಧ್ಯಾಹ್ನ ಪೆಟ್ಟಿಗೆಯನ್ನು ನೆಲಕ್ಕೆ ಸುರಿದೆ. ಗುಮಾಸ್ತರೂ ನಾನೂ ರಾತ್ರಿ ಒಂಬತ್ತರವರೆಗೆ ಕೂತೆವು. ತೀರ್ಪಿನ ನಕಲಿಗೆ ಅರ್ಜಿ ಹಾಕಿದ ಒಂದು ರಸೀದಿ ಸಿಕ್ಕಿತು. ಅಪೀಲು ಹಾಕಬೇಕಾದ ಕೇಸು, ಮೂವತ್ತು ದಿನದಲ್ಲಿ ಸ್ವಲ್ಪವೇ ಉಳಿದಿತ್ತು. ಒಂದು ಡೆತ್ ಸರ್ಟಿಫಿಕೇಟ್ ಸಿಕ್ಕಿತು. ಪಾರ್ಟಿಷನ್ ದಾವೆಯ ಮೂರನೇ ಪ್ರತಿವಾದಿ ತೀರಿಕೊಂಡಿದ್ದರು, ಅವರ ವಾರಸುದಾರರನ್ನು (ಎಲ್‌ಆರ್) ದಾವೆಗೆ ತರಲು ತೊಂಬತ್ತು ದಿನ. ಆ ದಾವೆ ಗೋಡೆಯ ಪಟ್ಟಿಯಲ್ಲಿತ್ತು. ಆ ಸಾವು ಇರಲಿಲ್ಲ. ಎರಡೂ ಉಳಿದವು. ಮರುದಿನದಿಂದ ಬಂದ ಪ್ರತಿಯೊಬ್ಬರಿಗೂ ಕೇಸ್ ನಂಬರ್ ಕೇಳುವ ಮೊದಲು, "ಕೊನೇ ಸಲ ಬಂದಾಗ ಸಾಹೇಬರ ಕೈಗೆ ಏನು ಕೊಟ್ಟಿರಿ? ಅವರು ಏನು ಮಾಡ್ತೀನಿ ಅಂದಿದ್ರು?" ಅಂತ ಕೇಳಿದೆ.

ಗುಮಾಸ್ತರದ್ದು ಒಂದು ತಕರಾರಿತ್ತು. ಬಾಕಿ ಫೀಸು ಕೊಡದೆ ಕಟ್ಟು ಕೊಡಬಾರದು ಅಂತ. ಸೀನಿಯರ್ ಮೇಲಿನ ಅಭಿಮಾನ ಅದು, ನನಗೆ ಅರ್ಥವಾಗುತ್ತೆ. ಆದರೆ ಫೀಸಿಗಾಗಿ ಪಾರ್ಟಿಯ ಕಾಗದ ಹಿಡಿದಿಡುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಹೇಳಿದೆ. ಎಲ್ಲ ಕಟ್ಟೂ ರಸೀದಿ ಬರೆಸಿಕೊಂಡು ಕೊಟ್ಟೆವು.

ಇದನ್ನೆಲ್ಲ ನನ್ನಂಥ ಜೂನಿಯರ್ ಒಬ್ಬಳೇ ಮಾಡಬೇಕಾಗಿ ಬಂದಿದ್ದರ ಬಗ್ಗೆ ನನಗೆ ಸಿಟ್ಟಿದೆ. ಇಂಗ್ಲೆಂಡಿನಲ್ಲಿ ಒಂಟಿ ಸಾಲಿಸಿಟರ್ ಕಾಯಿಲೆ ಬಿದ್ದು ಕೆಲಸ ಮಾಡಲಾಗದಿದ್ದರೆ ಅಲ್ಲಿನ ನಿಯಂತ್ರಣ ಸಂಸ್ಥೆ ಮಧ್ಯೆ ಬಂದು ಫೈಲು, ಪಾರ್ಟಿಗಳ ಹಣ ವಶಕ್ಕೆ ತೆಗೆದುಕೊಳ್ಳಲು ಕಾನೂನಿದೆ. ನಮ್ಮ 1961ರ ಅಡ್ವೊಕೇಟ್ಸ್ ಆಕ್ಟ್‌ನಲ್ಲಿ ಅಂಥ ಏರ್ಪಾಡು ಇಲ್ಲ. ಊರೂರಲ್ಲೂ ಒಬ್ಬರೇ ನಡೆಸುವ ಆಫೀಸುಗಳೇ ಜಾಸ್ತಿ. ನನ್ನ ಆಫೀಸೂ ಈಗ ಅಂಥದ್ದೇ. ಹಾಗಾಗಿ ನಂಬರ್ ಆಗದ ಕೆಲಸಗಳಿಗೆ ಬೇರೆ ಪುಸ್ತಕ ಇಟ್ಟಿದ್ದೇನೆ, ಕೊನೇ ದಿನಾಂಕ ಕೆಂಪು ಇಂಕಿನಲ್ಲಿ. ಬಾರ್‌ನಲ್ಲಿ ನಂಬುವ ಒಬ್ಬ ಗೆಳತಿಗೆ ಅದು ಯಾವ ಡ್ರಾಯರಿನಲ್ಲಿದೆ ಅಂತ ಗೊತ್ತು. ಅವಳದ್ದು ಎಲ್ಲಿದೆ ಅಂತ ನನಗೆ ಗೊತ್ತು.

ದಾವೆಯಲ್ಲಿ ಆಕೆಯ ಸಾಕ್ಷ್ಯ ಆದ ದಿನ ಚೆಕ್ಕು ನಿಶಾನೆ ಪಿ-1 ಆಯಿತು, ಬ್ಯಾಂಕ್ ಮೆಮೊ ಪಿ-2. ಎರಡನ್ನೂ ಹಳದಿ ಕವರಿನಿಂದ ತೆಗೆದು ಬೆಂಚ್ ಕ್ಲರ್ಕ್ ಕೈಗೆ ಕೊಟ್ಟೆ. ಕವರ್ ಯಾರಿಗೂ ಬೇಕಾಗಲಿಲ್ಲ. ಅದು ಈಗ ನನ್ನ ಮೇಜಿನ ಗಾಜಿನ ಕೆಳಗಿದೆ, ಪೆನ್ಸಿಲ್ ಅಕ್ಷರ ಮೇಲೆ ಕಾಣುವ ಹಾಗೆ.