ಅಜ್ಜನ ಜಾತ್ರಿಗೆ ರೊಟ್ಟಿ ಕಟ್ಟೂ ಮುಂದ

ನಮ್ಮನಿ ಮಾಳಗಿ ಮ್ಯಾಲ ಈಗ ಕಾಲಿಡಾಕ ಜಾಗಾ ಇಲ್ರಿ. ಅವ್ವ ಹಳೇ ಧೋತ್ರ ಹಾಸಿ ರೊಟ್ಟಿ ಹರವ್ಯಾಳ, ಜ್ವಾಳದ್ದು ಒಂದ್ ಕಡೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಂದ್ ಕಡೆ, ಕಾಗಿ ಬರಬಾರ್ದು ಅಂತ ನನ್ನ ಕಾವಲಿಗೆ ಕುಂದ್ರಿಸ್ಯಾಳ. ಬೆಂಗ್ಳೂರಾಗ ಲ್ಯಾಪ್‌ಟಾಪ್ ಮುಂದ ಕುಂತ್ರ ಸಂಬಳ ಬರ್ತೈತಿ, ಇಲ್ಲಿ ಅದ ಲ್ಯಾಪ್‌ಟಾಪ್ ತೊಡಿ ಮ್ಯಾಲ ಇಟ್ಕೊಂಡು ಕಾಗಿ ಹೊಡ್ಯಾಕತ್ತೀನಿ, ಸಂಬಳ ಇಲ್ಲ, ನಡುವ ನಡುವ ಒಂದೊಂದು ರೊಟ್ಟಿ ಮುರಕೊಂಡು ತಿಂದ್ರ ಬೈಗಳಾ ಬ್ಯಾರೆ. "ಅಜ್ಜಗ ಕಟ್ಟಿದ್ದನ್ನ ಎಂಜಲಾ ಮಾಡ್ತೀಯಲ್ಲ" ಅಂತಾಳ.

ಎಳ್ಳ ಅಮಾಸಿ ಮುಗದು ನಾಕು ದಿನ ಆತು. ಲೆಕ್ಕಾ ಹಾಕಿದ್ರ ಅಮಾಸಿಯಿಂದ 17ನೇ ದಿನಕ್ಕ, ಪುಷ್ಯ ಬಹುಳ ಬಿದಿಗಿಗೆ, ಕೊಪ್ಪಳದ ಗವಿಮಠದಾಗ ಗವಿಸಿದ್ಧೇಶ್ವರ ಅಜ್ಜನ ತೇರು. ಈ 17 ದಿನ ನಮ್ಮ ಯಲಬುರ್ಗಾ ಕಡೆ ಎರಿ ಹೊಲದಾಗ ಹಿಂಗಾರಿ ಜ್ವಾಳ ತೆನಿ ಹಿಡದು ನಿಂತಿರ್ತೈತಿ, ಕಡ್ಲಿ ಕಾಯಿ ಕಟ್ತಿರ್ತೈತಿ, ಹೊಲದ ಕೆಲಸ ಸ್ವಲ್ಪ ಸಡ್ಲ, ಆದ್ರ ಮನಿ ಮನ್ಯಾಗ ಹಂಚು ಆರೂದಿಲ್ಲ. ನಡುರಾತ್ರಿ ಎಚ್ಚರಾದ್ರೂ ಎಲ್ಲೋ ಒಂದ್ ಮನ್ಯಾಗ ಟಪ್ ಟಪ್ ಅಂತ ರೊಟ್ಟಿ ಬಡಿಯೂ ಸಪ್ಪಳ ಕೇಳ್ತೈತಿ. ನಮ್ಮವ್ವಂದು 101 ರೊಟ್ಟಿ ಹರಕಿ. ಯಾವಾಗ ಹೊತ್ಕೊಂಡ್ಳು, ಯಾಕ ಹೊತ್ಕೊಂಡ್ಳು ಅಂತ ಕೇಳಿದ್ರ ಹೇಳೂದಿಲ್ಲ, "ಹೇಳಿದ್ರ ಹರಕಿ ಅಲ್ಲ, ಸುದ್ದಿ ಆಕ್ಕೈತಿ" ಅಂತಾಳ.

ಗವಿಮಠದ ಜಾತ್ರಿ ನೋಡದವ್ರಿಗೆ ಹೆಂಗ ಹೇಳ್ಲಿ. ತೇರು ದೊಡ್ಡದು, ಮಂದಿ ಲಕ್ಷಗಟ್ಲೆ, ಅದೆಲ್ಲಾ ಸರಿ, ಟಿವಿಯೊಳಗ ತೋರಿಸ್ತಾರ. ನನಗ ಜಾತ್ರಿ ಅಂದ್ರ ಆ ಟ್ರ್ಯಾಕ್ಟರ್‌ಗಳು. ಒಂದೊಂದು ಊರಿಂದ ಮೆರವಣಿಗಿ, ಮುಂದ ಭಜನಿ ಇಲ್ಲಾ ಡೊಳ್ಳು, ಹಿಂದ ಟ್ರ್ಯಾಲಿಯೊಳಗ ರೊಟ್ಟಿ ಗಂಟು, ಜ್ವಾಳದ ಚೀಲ, ಬ್ಯಾಳಿ, ಬೆಲ್ಲ, ಬದ್ನಿಕಾಯಿ, ಕುಂಬಳಕಾಯಿ, ಕಟಿಗಿ, ಹಾಲು ಕರಿಯೋರು ಹಾಲು. ಒಲಿ ಹಚ್ಚಿ ಮಾಡಿದ ಲಕ್ಷಗಟ್ಲೆ ರೊಟ್ಟಿ ಅಲ್ಲಿ ಬಂದು ಸೇರ್ತಾವು, ಮಾದ್ಲಿ ಅನ್ನೂ ಸಿಹಿನೂ ಸೇರ್ತೈತಿ, ದಿನಗಟ್ಲೆ ದಾಸೋಹ. ಯಾವ ಕ್ಯಾಟರಿಂಗ್‌ನವರಿಗೂ ಆಗದ ಮಾತು ಅದು, ಯಾಕಂದ್ರ ಅಷ್ಟೂ ರೊಟ್ಟಿಯನ್ನ ಒಬ್ರು ಮಾಡಿಲ್ಲ, ಜಿಲ್ಲಾಕ್ಕ ಜಿಲ್ಲಾನ ಕುಂತು ಬಡದೈತಿ, ಅದೂ ಹೆಣ್ಮಕ್ಕಳು, ಹೊಲಕ್ಕ ಹೋಗಿ ಬಂದ ಮ್ಯಾಲ. ಕಟಕ ರೊಟ್ಟಿ ಆದ್ರಿಂದ ಕೆಡೂದಿಲ್ಲ. ಬರಗಾಲದ ನಾಡು ನಮ್ದು, ಇಟ್ಟು ತಿನ್ನೂದು ನಮಗ ಯಾರೂ ಕಲಸಬೇಕಾಗಿಲ್ಲ.

ಈಗ ನಾ ಹೇಳಬೇಕಂದದ್ದು ಹೋದ ವರ್ಷದ ಮಾತು, ಒಂದು ವರ್ಷದಿಂದ ಹೊಟ್ಯಾಗ ಇಟ್ಕೊಂಡೀನಿ.

ಹೋದ ವರ್ಷ ಟ್ರ್ಯಾಕ್ಟರ್ ನಮ್ಮ ಅಗಸಿ ಮುಂದ ನಿಂತಿತ್ತು, ಎಲ್ಲಾ ಮನಿಯವ್ರು ಗಂಟು ತಂದು ಏರಸಾಕತ್ತಿದ್ರು. ನಮ್ಮ ಹೊಲಕ್ಕ ಕಳೆ ತಗಿಯಾಕ, ಜ್ವಾಳ ಕೀಳಾಕ ಬರೂ ಅಕ್ಕ ಒಬ್ಬಾಕಿ ಅದಾಳ, ನಾ ಹುಟ್ಟೂಕಿಂತ ಮೊದ್ಲಿಂದ ಬರ್ತಾಳ, ದಲಿತ್ರ ಕೇರಿಯಾಕಿ. ಅಕಿ ಬಿಳೇ ವಸ್ತ್ರದಾಗ 11 ರೊಟ್ಟಿ ಕಟ್ಕೊಂಡು ಬಂದು ಸ್ವಲ್ಪ ದೂರನ ನಿಂತ್ಳು. ಟ್ರ್ಯಾಲಿ ಮ್ಯಾಲ ನಿಂತಿದ್ದ ಹಿರೇ ಮನಶಾ ಅದನ್ನ ಇಸ್ಕೊಂಡ, ಬ್ಯಾಡ ಅನ್ಲಿಲ್ಲ ಮತ್ತ, ಈಗ ಯಾರೂ ಬ್ಯಾಡ ಅನ್ನೂದಿಲ್ಲ, ಇಸ್ಕೊಂಡು ಮೂಲ್ಯಾಗ ಒಂದು ಬ್ಯಾರೆ ಚೀಲದಾಗ ಇಟ್ಟ. ಬಾಯಿಂದ ಒಂದ್ ಮಾತು ಆಡ್ಲಿಲ್ಲ. ನಾ ನೋಡಿದೆ, ಅಕಿನೂ ನೋಡಿದ್ಳು, ನಾ ನೋಡಿದ್ದನ್ನೂ ಅಕಿ ನೋಡಿದ್ಳು. ನಾ ಮೊಬೈಲ್ ತಗದು ಏನೋ ಮೆಸೇಜ್ ಬಂದವ್ರಂಗ ನೋಡಾಕ ಹತ್ತಿದೆ. ಅಷ್ಟ ನನ್ನ ಶೌರ್ಯ.

ಕೊಪ್ಪಳ ಮುಟ್ಟಿದ ಮ್ಯಾಲ ದಾಸೋಹದ ಕಡೆ ಸೇವಾ ಮಾಡೂ ಹುಡುಗ್ರು ಓಡಿ ಬಂದ್ರು, ಅವ್ರಿಗೇನ್ರಿ, ಹಿಂದ ಇನ್ನ ಹತ್ತು ಟ್ರ್ಯಾಕ್ಟರ್ ಹಾರ್ನ್ ಹೊಡ್ಯಾಕತ್ತಿದ್ವು, ಗಂಟು ಬಿಚ್ಚಿದ್ರು, ಚೀಲಾ ಸುರುವಿದ್ರು, ಆ ಮೂಲಿ ಚೀಲಾನೂ ಸುರುವಿದ್ರು, ಎಲ್ಲಾ ಒಂದ ರಾಶಿ. ಎದಿ ಮಟ ಎತ್ತರದ ರೊಟ್ಟಿ ರಾಶಿ. ನಮ್ಮವ್ವನ ರೊಟ್ಟಿ ಯಾವ್ದು, ಅಕಿ ರೊಟ್ಟಿ ಯಾವ್ದು, ಗಂಗಾವತಿ ಕಡೆದ್ದು ಯಾವ್ದು, ಕುಷ್ಟಗಿ ಕಡೆದ್ದು ಯಾವ್ದು, ಬ್ರಹ್ಮದೇವ್ರು ಬಂದ್ರೂ ಆರಿಸಾಕ ಆಗೂದಿಲ್ಲ. ಆಮ್ಯಾಲ ಊಟಕ್ಕ ಕುಂತ್ವಿ. ಆ ಹಿರೇ ಮನಶಾನೂ ನಮ್ಮ ಸಾಲ್ನ್ಯಾಗ ಕುಂತಿದ್ದ, ಎರಡು ರೊಟ್ಟಿ, ಪಲ್ಯ, ಮಾದ್ಲಿ, ಕಣ್ಣು ಮುಚ್ಚಿ "ಅಜ್ಜಾ" ಅಂದು ತುತ್ತು ಇಟ್ಕೊಂಡ. ನನಗ ನಗಿ ಬಂತು, ನಗಿ ಬೆನ್ನಿಗೆ ಅಳೂನೂ ಬಂತು. ಹಿಂಗ ಅಂದ್ಕೊಂಡೆ ನೋಡ್ರಿ, ಅಜ್ಜ ಪವಾಡ ಮಾಡ್ತಾನ ಅಂತ ಮಂದಿ ಏನೇನೋ ಕಥಿ ಹೇಳ್ತಾರ, ನಾ ಕಣ್ಣಾರೆ ಕಂಡ ಪವಾಡ ಇದೊಂದ.

ಊಟ ಮುಗಿಸಿ ಮಠದ ಗುಡ್ಡ ಏರಿದ್ವಿ. ಆ ಗುಡ್ಡದ ಬಂಡಿಗಲ್ಲಿನ ಮ್ಯಾಲ ಅಶೋಕನ ಶಾಸನ ಐತಿ, 1931ರಾಗ ಬೆಳಕಿಗೆ ಬಂದದ್ದು, ಜಾತ್ರಿಗೆ ಬಂದ ಬಾಳ ಮಂದಿಗೆ ಅದರ ಸುದ್ದಿನ ಇಲ್ಲ. ನಮ್ಮ ಕಾಲೇಜಿನ ಇತಿಹಾಸದ ಸರ್ ಒಬ್ರು ಅದರ ಅರ್ಥ ಬಿಡಿಸಿ ಹೇಳಿದ್ರು, ಶ್ರಮ ಪಟ್ರ ಬರೂ ಫಲ ಇದು, ದೊಡ್ಡವ್ರಿಗೆ ಅಷ್ಟ ಸಿಗೂದಲ್ಲ, ಸಣ್ಣಾವ್ರೂ ಶ್ರಮ ಪಟ್ರ ಸ್ವರ್ಗ ಮುಟ್ಟಬಹುದು ಅಂತ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಅದ ಗುಡ್ಡದ ಬುಡದಾಗ ಸಣ್ಣಾವ್ರ ಶ್ರಮದ ರೊಟ್ಟಿನ ನಾವು ಮೂಲಿ ಚೀಲದಾಗ ತಂದಿದ್ವಿ.

ಮತ್ತ ನಮ್ಮ ಜಿಲ್ಲಾ ಬರೇ ರೊಟ್ಟಿಗೆ ಹೆಸರಾಗಿಲ್ಲ, ಇದನ್ನೂ ಹೇಳಬೇಕು. ಗಂಗಾವತಿ ತಾಲೂಕಿನ ಮರಕುಂಬಿಯೊಳಗ ದಲಿತ್ರಿಗೆ ಹೋಟ್ಲಿನ್ಯಾಗ, ಕ್ಷೌರದಂಗಡ್ಯಾಗ ಪ್ರವೇಶ ಇಲ್ಲ ಅನ್ನೂ ಜಗಳಾ ಬೆಳದು 2014ರಾಗ ಗುಡಿಸಲಿಗೆ ಬೆಂಕಿ ಬಿತ್ತು, ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ಟದ್ದು 2024ರ ಅಕ್ಟೋಬರಿನ್ಯಾಗ, ಆಮ್ಯಾಲ ಅದು ಮ್ಯಾಲಿನ ಕೋರ್ಟಿಗೆ ಹೋತು. ಕುಷ್ಟಗಿ ತಾಲೂಕಿನ ಮಿಯಾಪುರದಾಗ 2021ರಾಗ ದಲಿತ್ರ ಮನಿ ಎರಡು ವರ್ಷದ ಕೂಸು ಮಳಿ ಬಂತಂತ ಗುಡಿಯೊಳಗ ಓಡಿದ್ದಕ್ಕ ಅಪ್ಪಗ ದಂಡಾ ಹಾಕಿದ್ರು, ಗುಡಿ ಶುದ್ಧಿ ಮಾಡಬೇಕಂತ. ಈ ಊರುಗಳಿಂದನೂ ಅಜ್ಜನ ಜಾತ್ರಿಗೆ ಮಂದಿ ಬರ್ತಾರ, ಕೈ ಮುಗಿತಾರ, ಪ್ರಸಾದ ತಿಂತಾರ, ನಮ್ಮೂರಿನವ್ರು ಬಂದಂಗ. ನಮ್ಮೂರಾಗ ಬೆಂಕಿ ಬಿದ್ದಿಲ್ಲ, ಖರೆ. ಚೀಲ ಐತಿ.

ರೊಟ್ಟಿ ಅಂದ್ರ ನನಗ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಕ್ಕಾರ. ಅವ್ರೂ ನಮ್ಮ ಕಡೆಯವ್ರ, ಪಕ್ಕದ ರಾಯಚೂರು ಜಿಲ್ಲಾ ಲಿಂಗಸುಗೂರು ಕಡೆ ಅಮರೇಶ್ವರದವ್ರು, ಬಸವಣ್ಣನ ಕಾಲಕ್ಕ ಕಲ್ಯಾಣಕ್ಕ ಹೋದವ್ರು. ಬಸವಣ್ಣನ ಮಹಾಮನಿ ಅಂಗಳದಾಗ ಉದುರಿದ ಅಕ್ಕಿ ಆಯೂದು ಮಾರಯ್ಯನ ಕಾಯಕ, ಅದ್ರಾಗ ದಾಸೋಹ. ಒಂದಿನ ಮಾತಿನ ಗದ್ದಲದಾಗ ಹೊತ್ತು ಹೋಗಿ, ಗಡಬಡಿಸಿ ದಿನಕ್ಕಿಂತ ಹೆಚ್ಚಿಗಿ ಅಕ್ಕಿ ತಂದ. ಲಕ್ಕಮ್ಮ ಏನಂದ್ಳು, ಈಸಕ್ಕಿ ಆಸೆ ನಿಮಗ್ಯಾಕ ಅಂದ್ಳು, ಹೆಚ್ಚಿಂದು ತಿರುಗಿ ಅಲ್ಲೇ ಸುರುವಿ ಬರ್ರಿ ಅಂತ ಕಳಿಸಿದ್ಳು. ಸಣ್ಣಾಕಿ ಇದ್ದಾಗ ಇದನ್ನ ಆಸೆ ಪಡಬಾರ್ದು ಅನ್ನೂ ನೀತಿ ಕಥಿ ಅಂತ ಓದಿದ್ದೆ. ಈಗ ಬ್ಯಾರೆ ಕಾಣ್ತೈತಿ. ನಾವು ಹೆಚ್ಚಿಗಿ ಬಾಚಿದ್ದು ಯಾರದೋ ಪಾಲಿಂದು ಅಂತ ಆ ಹೆಣ್ಮಗಳಿಗೆ ಗೊತ್ತಿತ್ತು. ಕಾಳು ಆಯೂ ಮನಿಯಾಕಿಗೆ ಅದು ಗೊತ್ತಾಕ್ಕೈತಿ, ಕಾಳು ಅಳಿಯೂ ಮನಿಯವ್ರಿಗೆ ಗೊತ್ತಾಗೂದಿಲ್ಲ.

ನಮ್ಮಮ್ಮ, ಅಂದ್ರ ಅಪ್ಪನ ತಾಯಿ, ಜ್ವಾಳ ಕಿತ್ತ ಮ್ಯಾಲ ಹೊಲದಾಗ ಬಿದ್ದ ತೆನಿ ಆರಿಸಾಕ ನಮ್ಮನ್ನ ಬಿಡ್ತಿದ್ದಿಲ್ಲ. "ಅದು ಹಕ್ಕಲ, ನಮ್ದಲ್ಲ" ಅಂತಿದ್ಳು. ಹಕ್ಕಲ ಆಯಾಕ ಬರೋರು ಇರ್ತಿದ್ರು, ಮುದುಕ್ರು, ಗಂಡ ಸತ್ತ ಹೆಣ್ಮಕ್ಕಳು, ಅವ್ರು ಆಯ್ದದ್ದು ಅವ್ರಿಗೆ, ಕೇಳೂ ಹಂಗಿಲ್ಲ. ಕಣದಾಗ ರಾಶಿ ಆದ್ರ ಮನಿಗೆ ಚೀಲ ಹೊರೂಕಿಂತ ಮೊದ್ಲ ಬಡಿಗ್ಯಾರು, ಕಮ್ಮಾರು, ಕುಂಬಾರು, ಕೇರಿಯವ್ರು ಎಲ್ಲಾರಿಗೂ ಆಯ ಅಳದು ಕೊಡ್ತಿದ್ರು. ಹಳೇ ಕಾಲ ಬಂಗಾರ ಅಂತ ನಾ ಹೇಳಾಕತ್ತಿಲ್ಲ ಮತ್ತ, ಆ ಆಯ ಇಸ್ಕೊಳ್ಳಾಕ ಕೇರಿಯವ್ರು ಕಣದ ಹೊರಗ ನಿಂದ್ರಬೇಕಿತ್ತು, ಮ್ಯಾಲಿಂದ ಸುರುವ್ತಿದ್ರು. ಕಾಳಿನ್ಯಾಗ ಪಾಲಿತ್ತು, ಕಣದಾಗ ಜಾಗಾ ಇದ್ದಿಲ್ಲ. ಈಗ ಮಷಿನ್ ಬಂದಾವು, ಕಣನೂ ಇಲ್ಲ, ಆಯನೂ ಇಲ್ಲ, ಹಕ್ಕಲನೂ ಅಷ್ಟಕ್ಕಷ್ಟ. ಉಳದದ್ದು ಕೂಲಿ ಒಂದ, ಅದರ ಕಥಿ ಇನ್ನೊಂದು. 2023ರಾಗ ವಿಶ್ವಸಂಸ್ಥೆಯವ್ರು ಸಿರಿಧಾನ್ಯ ವರ್ಷ ಅಂತ ಮಾಡಿದಾಗ ನಮ್ಮ ಆಫೀಸ್ ಹತ್ರದ ಮಾಲಿನ್ಯಾಗ ಸಜ್ಜಿ ಹಿಟ್ಟು ಚಂದನ್ನ ಪ್ಯಾಕೆಟ್‌ನ್ಯಾಗ ಕುಂತಿತ್ತು, ರೇಟ್ ನೋಡಿ ಗಾಬರಿ ಆದೆ, ಪ್ಯಾಕೆಟ್ ಹಿಂದ ಫೈಬರ್ ಎಷ್ಟು, ಐರನ್ ಎಷ್ಟು ಎಲ್ಲಾ ಬರದಿದ್ರು, ಕಳೆ ತಗದಾಕಿಗೆ ದಿನಕ್ಕ ಎಷ್ಟು ಕೊಟ್ರು ಅಂತ ಬರದಿದ್ದಿಲ್ಲ.

ಈ ವರ್ಷ ಎಳ್ಳ ಅಮಾಸಿಗೆ ನಾ ರಜಾ ಹಾಕಿ ಬಂದೆ. ಒಂದ ಹಟ ಇತ್ತು ಮನಸಿನ್ಯಾಗ, ಹರಕಿ ಅಂದ್ರೂ ನಡಿತೈತಿ. ಹೊಲದಾಗ ಬನ್ನಿ ಗಿಡದ ಬುಡಕ ಐದು ಕಲ್ಲಿಗೆ ಸುಣ್ಣಾ ಹಚ್ಚಿ ಪಾಂಡವ್ರನ್ನ ಮಾಡಿದ್ವಿ, ಹಿಂದ ಕಾವಲಿಗೆ ಕಳ್ಳ ಕಲ್ಲು ಒಂದು. (ಸಣ್ಣಾಕಿ ಇದ್ದಾಗ ಆ ಕಳ್ಳನ ನನ್ನ ಫೇವರಿಟ್, ಅವಗೂ ಎಡಿ ಸಿಗ್ತೈತಲ್ಲ ಅಂತ.) ಶೇಂಗಾ ಹೋಳಿಗಿ, ಕಡಬು, ಪುಂಡಿ ಪಲ್ಯ, ಎಣ್ಣಿಗಾಯಿ, ಬಾನ, ಎಲ್ಲಾ ಕಲಸಿ ಅಪ್ಪ ಬುಟ್ಟಿ ಹಿಡದು "ಹುಲ್ಲುಲ್ಲಿಗ್ಯೋ" ಅಂತ ಚೆಲ್ಲಕೋಂತ ಹೊಂಟ, ಹಿಂದ ತಮ್ಮ ನೀರು ಹಾಕ್ಕೋಂತ "ಚಲ್ಲಂಬ್ರಿಗ್ಯೋ" ಅಂದ. ಈ ಕೂಗು ಊರಿಂದ ಊರಿಗೆ ಬ್ಯಾರೆ ಬ್ಯಾರೆ ಐತಿ, ಅರ್ಥ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ಬಸರಿ ಭೂಮ್ತಾಯಿಗೆ ಮೊದ್ಲ ತುತ್ತು, ಹುಳಾ ಹುಪ್ಪಡಿಗೆ, ಹಕ್ಕಿಗೆ, ಇಲಿಗೂ ಪಾಲು, ಆಮ್ಯಾಲ ನಮಗ. ಇಲಿಗೆ ಕೊಟ್ಟ ಮ್ಯಾಲ ಮನಶ್ಯಾರಿಗೆ ಅಂತ ಕ್ರಮ ಐತಿ ನಮ್ಮಲ್ಲೆ.

ಆ ಅಕ್ಕನ್ನ, ಅಕಿ ಸೊಸಿನ್ನ ಹೊಲಕ್ಕ ಊಟಕ್ಕ ಕರದಿದ್ವಿ, ಪ್ರತಿ ವರ್ಷ ಕರಿತೀವಿ, ಅವ್ರು ಪ್ರತಿ ವರ್ಷ ಬದುವಿನ ಆ ಕಡೆ ಕುಂದರ್ತಾರ, ನಾವು ಈ ಕಡೆ. ಯಾರೂ ಹಂಗ ಕುಂದರ್ರಿ ಅಂದಿಲ್ಲ. ಈ ಸಲ ನಾ ನನ್ನ ಎಲಿ ತಗೊಂಡು ಬದು ದಾಟಿ ಅಕಿ ಮಗ್ಗಲಕ್ಕ ಹೋಗಿ ಕುಂತೆ. ಅವ್ವ ಒಂದ್ ಸಲ ಅಪ್ಪನ ಮಾರಿ ನೋಡಿದ್ಳು, ಆಮ್ಯಾಲ ಹೋಳಿಗಿ ಬುಟ್ಟಿ ಎತ್ಕೊಂಡು ಅಕಿನೂ ಬಂದ್ಳು, ತಮ್ಮ ಬಂದ. ಅಪ್ಪ ಎದ್ದು ಬರ್ಲಿಲ್ಲ, ಆದ್ರ ತನ್ನ ಎಲಿ ಬದುವಿನ ಮ್ಯಾಲಕ್ಕ ಸರಿಸಿಕೊಂಡ. ಬದು ಅಂದ್ರ ಆ ಕಡೆನೂ ಅಲ್ಲ, ಈ ಕಡೆನೂ ಅಲ್ಲ, ನಮ್ಮಪ್ಪ ಹಂಗ.

ನನಗ ಎದಿ ಉಬ್ಬಿತ್ತು ಖರೆ ಹೇಳಬೇಕಂದ್ರ. ಏನೋ ಕಲ್ಯಾಣನ ಕಟ್ಟಿದವ್ರಂಗ. "ಅಕ್ಕಾ, ಇನ್ನ ಮುಂದ ಪ್ರತಿ ವರ್ಷ ಹಿಂಗ ಕೂಡಿ ಕುಂದ್ರೂಣು" ಅಂದೆ. ಅಕಿ ಕಡಬು ಮುರಕೋಂತ ನಕ್ಕು, "ಕುಂದರ್ತೀನಿ ಬಿಡವಾ, ಅದಕ್ಕೇನು. ಜ್ವಾಳ ಕೀಳಾಕ ಬಂದಾಗ ಗಂಡಸ್ರಿಗೆ ಐನೂರು ಕೊಡ್ತೀರಿ, ನನಗ ಮುನ್ನೂರು ಕೊಡ್ತೀರಿ, ಸಾಲು ಇಬ್ರೂ ಒಂದ ಹಿಡಿತೀವಿ. ಉದ್ಯೋಗ ಖಾತ್ರಿ ಕೆಲಸದಾಗ ಗಂಡಸು ಹೆಂಗಸು ಅನ್ನೂದಿಲ್ಲ, ಸರಕಾರದವ್ರು ಒಂದ ಲೆಕ್ಕಾ ಕೊಡ್ತಾರ. ನಿಮ್ಮ ಹೊಲದಾಗ ಯಾವಾಗ ಒಂದ ಲೆಕ್ಕಾ?" ಅಂದ್ಳು. ಸಿಟ್ಟಿಲ್ಲ, ಏನಿಲ್ಲ, ಉಪ್ಪು ಕೇಳಿದಂಗ ಕೇಳಿದ್ಳು.

ನನ್ನ ಕೈಯಾಗಿನ ತುತ್ತು ಕೈಯಾಗ ಉಳೀತು. ನಾ ಊಟದ ಸಾಲಿನ ಬಗ್ಗೆ ವರ್ಷಗಟ್ಲೆ ವಿಚಾರ ಮಾಡಿದ್ದೆ, ಆ ಊಟ ಬೆಳಿಯೂ ಸಾಲಿನ ಬಗ್ಗೆ ಒಂದಿನಾನೂ ಮಾಡಿದ್ದಿಲ್ಲ. ನನ್ನ ಸಂಬಳ ಆಫೀಸಿನ್ಯಾಗ ಗಂಡಸ್ರಿಗಿಂತ ಕಡಿಮಿ ಆದ್ರ ಎಷ್ಟು ಪೋಸ್ಟ್ ಹಾಕ್ತಿದ್ದೆ ನಾ.

ಅಪ್ಪ ಬದುವಿನ ಮ್ಯಾಲಿಂದ ಕೇಳಿಸ್ಕೊಂಡ. ಒಂದು ಹೋಳಿಗಿ ತಗದು, ಎದ್ದು ಬಂದು, ಅಕಿ ಎಲಿಗೆ ಹಾಕಿ, ಮ್ಯಾಲ ತುಪ್ಪಾ ಸುರುವಿ ಹೋಗಿ ಕುಂತ. ಅಕಿ ಹೋಳಿಗಿ ತಿಂದ್ಳು, ಆದ್ರ ಅಪ್ಪನ ಮಾರಿ ಕಡೆ ನೋಡೂದು ಬಿಡ್ಲಿಲ್ಲ.

ಜ್ವಾಳದ ಸುಗ್ಗಿ ಫೆಬ್ರವರಿಗೆ. ಅಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅನ್ನೂದನ್ನೂ ಅಂದಿಲ್ಲ, ನಿನ್ನೆ ರಾತ್ರಿ ಡೈರಿ ತಗದು ಆಳಿನ ಲೆಕ್ಕಾ ಎರಡು ಸಲ ಕೂಡಿಸಿದ್ದನ್ನ ಮಾತ್ರ ಕಂಡೀನಿ. ಇವತ್ತು ಮುಂಜಾನಿ ಅಕ್ಕ ತನ್ನ 11 ರೊಟ್ಟಿ ಸೊಸಿ ಕೈಯಾಗ ಕೊಟ್ಟು ಕಳಿಸ್ಯಾಳ, ನಮ್ಮವು ಒಣಗೂ ಮುಂದ ಅವನ್ನೂ ಬಿಸಲಿಗೆ ಹಾಕ್ರಿ ಅಂತ. ಅವ್ವ ಅವನ್ನ ತಂದು ನಮ್ಮ ರೊಟ್ಟಿ ನಡುವ ಹರವಿ, ಸ್ವಲ್ಪ ಹೊತ್ತಾದ ಮ್ಯಾಲ ಎಣಸಾಕ ಕುಂತ್ಳು. ನೂರಾ ಒಂದಕ್ಕ ಬಂದು ನಿಂತ್ಳು, ಇನ್ನೂ ಉಳದಿದ್ವು. "ಯವ್ವಾ, ಅಕಿವು ಯಾವು ಅಂತ ಗುರ್ತು ಸಿಗವಲ್ದು" ಅಂದ್ಳು. ಕಾಗಿ ಬಂತು, ನಾ ಎದ್ದೆ.