ಸರಳವಾಗಿ ಹೇಳಿದರೆ ವಿಜ್ಞಾನ ಕೆಡುವುದಿಲ್ಲವೇ?

ವಿಜ್ಞಾನ ಓದದವರಿಗೆ ತಿಳಿಯುವಂತೆ ಹೇಳಲು ಹೋದರೆ ವಿಷಯವೇ ಕೆಟ್ಟುಹೋಗುವುದಿಲ್ಲವೇ ಎಂದು ಉಪನ್ಯಾಸಕರೂ ಕೇಳುತ್ತಾರೆ, ವೈದ್ಯ ಮಿತ್ರರೂ ಕೇಳುತ್ತಾರೆ. ಬಿಡಬಾರದ್ದನ್ನು ಬಿಟ್ಟರೆ ಖಂಡಿತ ಕೆಡುತ್ತದೆ. ಪರಿಭಾಷೆಯನ್ನು ಬಿಡಬಹುದು, ಕಾರಣವನ್ನು ಬಿಡಬಾರದು.

ಪಾವಗಡದ ಕಡೆಯ ನೀರನ್ನೇ ತೆಗೆದುಕೊಳ್ಳಿ. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಬಂಡೆಯೊಳಗಿನ ಖನಿಜಗಳಿಂದ ಕರಗಿ ಬಂದ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಸೊಂಟ, ಮಂಡಿ ಬಿಗಿದುಕೊಳ್ಳುತ್ತವೆ.

ಇಷ್ಟನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರೂ, "ನಾವು ನೀರನ್ನು ಕಾಯಿಸಿ ಆರಿಸಿಯೇ ಕುಡಿಯುತ್ತೇವಲ್ಲ ಸಾರ್" ಎನ್ನುವ ತಾಯಿಗೆ ಅದರಲ್ಲಿ ಉತ್ತರವಿಲ್ಲ. ಆಕೆ ಅಜ್ಞಾನಿಯಲ್ಲ. ಆರೋಗ್ಯ ಕಾರ್ಯಕರ್ತೆಯರು ಹೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದವಳು. ನಮ್ಮ ಮಾತು ಆಕೆಯ ಆ ತಿಳಿವಳಿಕೆಯಿಂದಲೇ ಶುರುವಾಗಬೇಕು.

ಕಾಯಿಸಿದರೆ ಸಾಯುವುದು ಕ್ರಿಮಿ. ಫ್ಲೋರೈಡ್‌ಗೆ ಜೀವವಿಲ್ಲ, ಅದು ನೀರಿನಲ್ಲಿ ಕರಗಿಕೊಂಡಿದೆ. ಸಾರು ಕುದಿದು ಬತ್ತಿದಷ್ಟೂ ಉಪ್ಪುಪ್ಪಾಗುವುದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು. ಇಲ್ಲಿಯೂ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಆದರೆ ಉಪ್ಪು ನಾಲಿಗೆಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಸಿಹಿನೀರೆಂದು ಊರೆಲ್ಲ ಹೊಗಳುವ ಬಾವಿಯಲ್ಲೂ ಫ್ಲೋರೈಡ್ ಇರಬಹುದು. ಪರೀಕ್ಷೆ ಮಾಡಿಸದೆ ಗೊತ್ತಾಗದು.

ನನ್ನ ಮಟ್ಟಿಗೆ ನಿಜವಾದ ಅಪಾಯ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. "ಕಾಯಿಸಿ ಪ್ರಯೋಜನವಿಲ್ಲ" ಎಂಬ ಚುಟುಕು ಮಾತು ಬಾಯಿಂದ ಬಾಯಿಗೆ ಹರಡಿ, ಜನ ಕಾಯಿಸುವುದನ್ನೇ ನಿಲ್ಲಿಸಿದರೆ ವಾಂತಿಭೇದಿ ಶುರುವಾಗುತ್ತದೆ. ಆದ್ದರಿಂದ ನಾನು ಒಂದು ವಾಕ್ಯ ಬರೆದಾಗಲೆಲ್ಲ, ಇದನ್ನು ಕೇಳಿದವರು ಮನೆಗೆ ಹೋಗಿ ಏನು ಮಾಡುತ್ತಾರೆ ಎಂದು ಯೋಚಿಸುತ್ತೇನೆ. ಪದ ಕಠಿಣವೋ ಸುಲಭವೋ ಎಂಬುದು ಆಮೇಲಿನ ಮಾತು.

ಟೂತ್‌ಪೇಸ್ಟ್‌ನಲ್ಲೂ ಫ್ಲೋರೈಡ್ ಇದೆಯಲ್ಲ ಎಂದು ಹೈಸ್ಕೂಲ್ ಮಕ್ಕಳು ತಪ್ಪದೆ ಕೇಳುತ್ತಾರೆ. ಎಂಥ ಒಳ್ಳೆಯ ಪ್ರಶ್ನೆ! ಹಲ್ಲಿನ ಮೇಲೆ ಹಚ್ಚಿ ಉಗಿಯುವ ಅಷ್ಟು ಫ್ಲೋರೈಡ್ ಹಲ್ಲಿಗೆ ಬಲ ಕೊಡುತ್ತದೆ, ದಿನವೂ ಹೊಟ್ಟೆಗಿಳಿಯುವ ಹೆಚ್ಚುವರಿ ಫ್ಲೋರೈಡ್ ಕೆಡಿಸುತ್ತದೆ. ಪ್ರಮಾಣದ ಈ ಮಾತನ್ನು ಬಿಟ್ಟು "ಫ್ಲೋರೈಡ್ ವಿಷ" ಎಂದುಬಿಡುವುದು ಸರಳೀಕರಣವಲ್ಲ, ಸುಳ್ಳು.

ಕೊನೆಗೆ ಅಡುಗೆಮನೆಗೇ ಬರಬೇಕು. ಎಷ್ಟೋ ಮನೆಗಳಲ್ಲಿ ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ತರುತ್ತಾರೆ, ಅನ್ನಕ್ಕೂ ಬೇಳೆಗೂ ಕೊಳವೆಬಾವಿಯ ನೀರನ್ನೇ ಹಾಕುತ್ತಾರೆ. ಅಕ್ಕಿ ಹೀರಿಕೊಳ್ಳುವುದು ಆ ನೀರನ್ನೇ. ಸ್ನಾನಕ್ಕೆ, ಬಟ್ಟೆಗೆ, ದನಗಳ ಕೊಟ್ಟಿಗೆ ತೊಳೆಯಲು ಬಾವಿಯ ನೀರು ಸಾಕು; ಅನ್ನಕ್ಕೆ ಇಡುವ ನೀರು ಮಾತ್ರ ಘಟಕದ್ದೋ, ಚೊಕ್ಕಟವಾಗಿ ಹಿಡಿದಿಟ್ಟ ಮಳೆಯದ್ದೋ ಆಗಿರಲಿ.