ಕ್ರಿಯಾಟಿನಿನ್ 'ನಾರ್ಮಲ್' ಇದ್ದರೂ ಕಿಡ್ನಿ ಸರಿಯಿದೆ ಎನ್ನಲಾಗದು

ಮೇ 18, 2021, ಮಂಗಳವಾರ

ಕೋವಿಡ್ ರೋಗಿಯ ಆಕ್ಸಿಜನ್ ಎಷ್ಟಿದೆ ಎಂದು ಎಲ್ಲರೂ ಕೇಳುತ್ತಾರೆ, ಮೂತ್ರ ಎಷ್ಟು ಹೋಯಿತು ಎಂದು ಕೇಳುವವರು ಕಡಿಮೆ. ಕಿಡ್ನಿ ಕೈಕೊಡುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದು ಅಲ್ಲೇ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ರಕ್ತಕ್ಕೆ ಬಂದು, ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ. ಅದು ನಿನ್ನೆ ಡೆಸಿಲೀಟರಿಗೆ 0.7 ಮಿ.ಗ್ರಾಂ, ಇವತ್ತು 1.1 ಎಂದಿಟ್ಟುಕೊಳ್ಳಿ. ಲ್ಯಾಬ್ ವರದಿಯಲ್ಲಿ 'ಹೆಚ್ಚಿದೆ' ಎಂಬ ಗುರುತು ಇಲ್ಲದಿರಬಹುದು. ಆದರೆ 48 ಗಂಟೆಯೊಳಗೆ 0.3 ಏರಿದರೆ, ಇಲ್ಲವೇ 7 ದಿನದೊಳಗೆ ಮೊದಲಿನದರ ಒಂದೂವರೆ ಪಟ್ಟಾದರೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಮೂತ್ರಕ್ಕೂ ಅಳತೆಯಿದೆ: ಗಂಟೆಗೆ, ತೂಕದ ಪ್ರತಿ ಕೆ.ಜಿ.ಗೆ 0.5 ಮಿ.ಲೀ. 70 ಕೆ.ಜಿ. ತೂಕದವರಿಗೆ 6 ಗಂಟೆಯಲ್ಲಿ 210 ಮಿ.ಲೀ. ಕೂಡ ಬರದಿದ್ದರೆ ಕಾರಣ ಹುಡುಕಬೇಕು. ಮೊದಲು ಕ್ಯಾಥೆಟರ್ (ಮೂತ್ರದ ಟ್ಯೂಬ್) ನೋಡಿ. ಬೋರಲು ಮಲಗಿಸಿದಾಗ ಟ್ಯೂಬ್ ತೊಡೆಯಡಿ ಸಿಕ್ಕಿ ಮಡಚಿರಬಹುದು.

ಕಾಯಿಲೆಯ ಶುರುವಿನಲ್ಲಿ ದೊಡ್ಡ ಕಾರಣ ನೀರಿನ ಕೊರತೆ. ಜ್ವರ, ಭೇದಿ, ಊಟ ಸೇರದಿರುವುದು, ಮೇಲೆ ನೋವಿಗೆ ನುಂಗಿದ ಐಬುಪ್ರೊಫೆನ್. ಇಂಥವರಿಗೆ 'ಶ್ವಾಸಕೋಶ ಒಣಗಿರಲಿ' ಎಂದು ಮೂತ್ರ ಹೆಚ್ಚಿಸಿ ನೀರು ಹೊರಹಾಕುವ ಫ್ಯೂರೋಸೆಮೈಡ್ ಕೊಟ್ಟರೆ ಕಿಡ್ನಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ನಾಲಿಗೆ ಒಣಗಿ ಬಿಪಿ ಇಳಿದಿದ್ದರೆ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ 250 ಮಿ.ಲೀ. ಕೊಟ್ಟು ನೋಡಬೇಕು. ಬಿಪಿ, ಮೂತ್ರ ಎರಡೂ ಏರದೆ ಆಕ್ಸಿಜನ್ ಅಗತ್ಯ ಮಾತ್ರ ಏರಿದರೆ ಅಲ್ಲಿಗೇ ನಿಲ್ಲಿಸಬೇಕು.

ಐಸಿಯು ಹಂತದಲ್ಲಿ ಕಾರಣಗಳು ಬೇರೆ. ವೆಂಟಿಲೇಟರಿನ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಹೆಚ್ಚಿದ್ದರೆ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಸೆಪ್ಸಿಸ್, ಅಂದರೆ ಸೋಂಕಿಗೆ ದೇಹದ ಅಂಗಾಂಗಗಳೇ ಹದಗೆಡುವ ಸ್ಥಿತಿ, ಬಂದರೆ ಕಿಡ್ನಿಯಲ್ಲಿ ಮೂತ್ರ ಹರಿಯುವ ಸಣ್ಣ ಕೊಳವೆಗಳ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್, ಕಪ್ಪು ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ಕೂಡ ಕಿಡ್ನಿಗೆ ಭಾರ. ಮೂತ್ರದ ಡಿಪ್‌ಸ್ಟಿಕ್ ಪರೀಕ್ಷೆಯನ್ನು ಯಾರೂ ಬಿಡಬಾರದು. ಮೂತ್ರದಲ್ಲಿ ಅದ್ದಿದ ಪಟ್ಟಿ 'ರಕ್ತ' ಎಂದು ತೋರಿಸಿ, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣಗಳೇ ಕಾಣದಿದ್ದರೆ ಅದು ಕರಗಿದ ಸ್ನಾಯುವಿನ ಮಯೋಗ್ಲೋಬಿನ್ ಪ್ರೋಟೀನ್ ಇರಬಹುದು, ಕೂಡಲೇ ಸಿ.ಕೆ. (ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆಗೆ ಕಳಿಸಬೇಕು.

ಕ್ರಿಯಾಟಿನಿನ್ ಏರಿತೆಂದ ಮಾತ್ರಕ್ಕೆ ಡಯಾಲಿಸಿಸ್ ಬೇಡ. ಔಷಧಕ್ಕೆ ಬಗ್ಗದೆ ಏರಿದ ಪೊಟ್ಯಾಸಿಯಂ, ತೀವ್ರ ಆಮ್ಲತೆ, ಇಳಿಯದ ನೀರಿನ ಭಾರ ಇದ್ದರೆ ಬೇಕೇ ಬೇಕು. ಕೋವಿಡ್‌ನಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದರಿಂದ ಹಗಲೂ ರಾತ್ರಿ ನಡೆಯುವ ನಿರಂತರ ಡಯಾಲಿಸಿಸ್‌ನ ಫಿಲ್ಟರ್ ಪದೇಪದೇ ಕಟ್ಟಿಕೊಳ್ಳುತ್ತದೆ. ಪ್ರತಿ ಸಲವೂ ಚಿಕಿತ್ಸೆಯ ಸಮಯ, ಸರ್ಕ್ಯೂಟಿನಲ್ಲಿರುವ ರಕ್ತ ಎರಡೂ ನಷ್ಟ. ಹಾಗಾಗಿ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಅಥವಾ ಹೆಪಾರಿನ್ ಬಗ್ಗೆ ಮೊದಲೇ ಯೋಚಿಸಿಡಬೇಕು. ಡಯಾಲಿಸಿಸ್ ಕ್ಯಾಥೆಟರಿಗೆ ಕತ್ತಿನ ಬಲಭಾಗದ ಜ್ಯುಗುಲರ್ ಸಿರೆ ಒಳ್ಳೆಯದು, ತೊಡೆಸಂದಿಯಲ್ಲಿ ಹಾಕಿದ್ದು ಬೋರಲು ಮಲಗಿಸಿದಾಗ ಮಡಚಿ ಹರಿವು ನಿಲ್ಲಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪರಿನ್ ಮುಖ್ಯವಾಗಿ ಕಿಡ್ನಿಯ ಮೂಲಕ ಹೊರಹೋಗುವ ಔಷಧ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗದ ಅಳತೆ) ನಿಮಿಷಕ್ಕೆ 30 ಮಿ.ಲೀ.ಗಿಂತ ಇಳಿದರೆ ಡೋಸ್ ತಗ್ಗಿಸಬೇಕು, ಇಲ್ಲದಿದ್ದರೆ ರಕ್ತಸ್ರಾವದ ಅಪಾಯ.

ಡಿಸ್ಚಾರ್ಜ್ ಹೊತ್ತಿನ ವರದಿಯನ್ನೂ ಪೂರ್ತಿ ನಂಬುವಂತಿಲ್ಲ. ವಾರಗಟ್ಟಲೆ ಐಸಿಯುವಿನಲ್ಲಿದ್ದವರ ಸ್ನಾಯು ಕರಗಿರುತ್ತದೆ, ಹಾಗಾಗಿ ಕ್ರಿಯಾಟಿನಿನ್ ಉತ್ಪತ್ತಿಯೇ ಕಡಿಮೆ. 0.9 ಎಂಬ ಅಂಕಿ ಕಿಡ್ನಿ ಅರ್ಧ ಚೇತರಿಸಿಕೊಂಡವರಲ್ಲೂ ಬರಬಹುದು. ಮೂರು ತಿಂಗಳಿಗೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ (ಸೋರಿ ಬರುವ ಪ್ರೋಟೀನ್), ಬಿಪಿ ಮೂರನ್ನೂ ಮತ್ತೆ ನೋಡಬೇಕು ಎಂದು ದಿನಾಂಕದ ಸಮೇತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡಬೇಕು.